ಒಂದು ದಿನನೂ ಬೆಂಕಿ ಕಾಣದ ಸೋಫಾ

ಬೆಳಿಗ್ಗೆ ವಾಕಿಂಗ್ ಹೊರಟ್ರೆ ಕ್ಯಾಲಿಫೋರ್ನಿಯಾದ ನಮ್ಮ ಮಿಲ್ಪಿಟಾಸ್ ಊರಿನ ಬೀದಿ ತಿರುವಲ್ಲಿ ಒಂದು ಹಳೇ ಸೋಫಾ, ಮೇಲೆ 'ಫ್ರೀ' ಅಂತ ಬರೆದ ರಟ್ಟು. ರಾತ್ರಿಯೆಲ್ಲ ಮಳೆ ಬೇರೆ. ಸೀಟು ಹರಿದು ಒಳಗಿನ ಫೋಮು ಥೇಟ್ ಕಡ್ಲೆಹಿಟ್ಟಿನ ಥರ ಹಳದಿ ಪುಡಿಯಾಗಿ ನೀರಿನ ಜೊತೆ ಮೋರಿಗೆ ಹೋಗ್ತಿದೆ. ಮೋರಿ ಬಾಯಲ್ಲಿ ಮೀನಿನ ಚಿತ್ರ, 'ಕಸ ಹಾಕ್ಬೇಡಿ, ಕೊಲ್ಲಿಗೆ ಹರಿಯುತ್ತೆ' ಅಂತ. ಮೀನುಗಳೇ ಓದ್ಕೊಳ್ಲಿ ಅಂತ ಬರೆದಿರ್ಬೇಕು!

ಬಗ್ಗಿ ಲೇಬಲ್ ನೋಡಿದೆ (ಉಪ್ಪಿನಕಾಯಿ ಬಾಟ್ಲಿನೂ ಹಿಂದೆ ಮುಂದೆ ಓದದೆ ತರೋಳಲ್ಲ ನಾನು, ಗೊತ್ತಲ್ಲ). ಅದೇ ಟೆಕ್ನಿಕಲ್ ಬುಲೆಟಿನ್ 117. 1975ರಲ್ಲಿ ಕ್ಯಾಲಿಫೋರ್ನಿಯಾ ತಂದ ರೂಲು, ಮೇಲಿನ ಬಟ್ಟೆ ಇಲ್ಲದ ಬರೀ ಫೋಮಿಗೆ 12 ಸೆಕೆಂಡು ಬೆಂಕಿ ಹಿಡಿದ್ರೂ ತಡ್ಕೋಬೇಕು. ಅದಕ್ಕೆ ಕಂಪನಿಗಳು ಪಿಬಿಡಿಇ ಅನ್ನೋ ಬ್ರೋಮಿನ್ ಕೆಮಿಕಲ್ ಬೆರೆಸಿದ್ರು. ಅದು ಫೋಮಲ್ಲಿ ಗಟ್ಟಿಯಾಗಿ ಕೂರೋದಿಲ್ಲ, ಧೂಳಾಗಿ ಬರುತ್ತೆ, ಬಟ್ಟೆಗೆ ಹತ್ತುತ್ತೆ, ವಾಷಿಂಗ್ ಮೆಷಿನ್ ನೀರಲ್ಲಿ ಇಳಿದು ಕೊಳಚೆ ನೀರಿನ ಪ್ಲಾಂಟನ್ನೂ ದಾಟಿ ಸ್ಯಾನ್ ಫ್ರಾನ್ಸಿಸ್ಕೋ ಬೇ ಅನ್ನೋ ಆ ಕೊಲ್ಲಿ ತಳದ ಕೆಸರು ಸೇರುತ್ತೆ. ಮೋರಿ ನೀರಿಗಂತೂ ಪ್ಲಾಂಟೂ ಇಲ್ಲ, ನೇರ ಕಯೋಟಿ ಕ್ರೀಕ್ ಅನ್ನೋ ಹಳ್ಳ, ಅಲ್ಲಿಂದ ಬೇ. ಕೆಸರಲ್ಲಿ ಹುಳ, ಹುಳ ತಿನ್ನೋ ಮೀನು, ಮೀನು ತಿನ್ನೋ ಸೀಲು. 90ರ ದಶಕದಲ್ಲಿ ಇಲ್ಲಿನ ಸೀಲುಗಳ ಕೊಬ್ಬಲ್ಲಿ ಇದು 1.8 ವರ್ಷಕ್ಕೊಮ್ಮೆ ಡಬಲ್ ಆಗ್ತಿತ್ತಂತೆ. ಆ ಸೀಲು ಯಾರ ಮನೆ ಸೋಫಾ ಮೇಲೆ ಕೂತಿತ್ತು ಹೇಳಿ?

"ಹಾಗಾದ್ರೆ ಮನೆ ಹತ್ಕೊಂಡು ಉರೀಲಿ ಅಂತೀಯಾ?" ಅಂತಾರೆ ನಮ್ಮನೆಯವ್ರು. ಅಯ್ಯೋ, ಮೊದ್ಲು ಉರಿಯೋದು ಮೇಲಿನ ಬಟ್ಟೆ ಕಣ್ರೀ, ಆ ಉರಿ ಫೋಮು ಮುಟ್ಟೋ ಹೊತ್ತಿಗೆ ಈ ಕೆಮಿಕಲ್ಲು ಯಾವ ಲೆಕ್ಕ, ಹೊಗೆ ಇನ್ನಷ್ಟು ವಿಷ ಆಗುತ್ತೆ ಅಷ್ಟೆ. ಬರ್ಕ್ಲಿಯ ಆರ್ಲೀನ್ ಬ್ಲಮ್, 1978ರಲ್ಲಿ ಹೆಂಗಸರ ತಂಡ ಕಟ್ಕೊಂಡು ಅನ್ನಪೂರ್ಣ ಹತ್ತೋಕೆ ಹೋದ ಕೆಮಿಸ್ಟು, ಇದನ್ನೇ ವರ್ಷಗಟ್ಲೆ ಹೇಳ್ತಾ ಬಂದ್ರು. ಫೋಮಿಗೆ ಹಾಕ್ತಿದ್ದ ಪಿಬಿಡಿಇಗೆ 2006ರಲ್ಲಿ ಇಲ್ಲಿ ಬ್ಯಾನ್ ಬಿತ್ತು. ಆದ್ರೆ 12 ಸೆಕೆಂಡಿನ ರೂಲು ಹಾಗೇ ಇತ್ತಲ್ಲ, 70ರ ದಶಕದಲ್ಲಿ ಮಕ್ಕಳ ನೈಟ್ ಡ್ರೆಸ್ಸಿಂದ ಓಡಿಸಿದ್ದ ಕ್ಲೋರಿನ್ ಟ್ರಿಸ್ ಅನ್ನೋ ಇನ್ನೊಂದು ಬೆಂಕಿ ತಡೆಯೋ ಕೆಮಿಕಲ್ಲು ಸೋಫಾದೊಳಗೆ ಹಾಯಾಗಿ ಕೂತ್ಕೊಳ್ತು! ರೂಲು ಬದಲಾಗೋಕೆ 2014 ಬರ್ಬೇಕಾಯ್ತು.

ಈಗ ಕಮ್ಮಿ ಆಗಿದೆಯಲ್ಲ ಅಂತೀರಾ. ಆಗಿದೆ, ಮೀನಲ್ಲಿ, ಹಕ್ಕಿ ಮೊಟ್ಟೇಲಿ ಪಿಬಿಡಿಇ ಚೆನ್ನಾಗೇ ಇಳಿದಿದೆ, ಬ್ಯಾನ್ ಮಾಡಿದ್ರೆ ಕೆಲಸ ಆಗುತ್ತೆ ಅಂತಾಯ್ತು. ಆದ್ರೆ ಬ್ಯಾನಿಗೆ ಮುಂಚೆ ಕೊಂಡ ಸೋಫಾಗಳು? ಒಂದು ದಿನನೂ ಬೆಂಕಿ ಕಾಣದ ಸೋಫಾಗಳು ಹೀಗೆ ಒಂದೊಂದೇ ಮಳೆಗೆ ಬರ್ತಿವೆ.

ಬೈಕೊಳ್ಬೇಡಿ, 2016ರಲ್ಲಿ ನಮ್ ಸೋಫಾನೂ ನಾವು ಹೀಗೇ ರಟ್ಟು ಅಂಟಿಸಿ ಬೀದಿಗೆ ಇಟ್ಟಿದ್ವಿ. ಮಗಳು ಹಲ್ಲು ಬರೋವಾಗ ಅದ್ರ ಕೈ ಕಚ್ತಾ ಇದ್ಲು. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ತೊಳಸುತ್ತೆ, ಯಾರು ಎತ್ಕೊಂಡು ಹೋದ್ರೋ ಗೊತ್ತಿಲ್ಲ.

ಮನೆಗೆ ಓಡಿ ದೊಡ್ಡ ಪ್ಲಾಸ್ಟಿಕ್ ಶೀಟ್ ತಂದು ಸೋಫಾಗೆ ಹೊದಿಸ್ತಾ ಇದ್ದೆ. ಎದುರು ಮನೆ ತಾತ ಛತ್ರಿ ಹಿಡ್ಕೊಂಡು ಬಂದು ಕೇಳ್ತಾರೆ, ನಿಮಗೆ ಬೇಕಾಗಿತ್ತಾ, ಎತ್ತೋಕೆ ಒಂದು ಕೈ ಕೊಡ್ಲಾ ಅಂತ.