ಪ್ರತಿ ಸೆಮಿಸ್ಟರ್ ನಾನೇಕೆ ಮತ್ತೆ ಸಾಬೀತು ಮಾಡಬೇಕು?

ಸಾಕಾಗಿ ಹೋಗಿದೆ. ಸೆಮಿಸ್ಟರ್ ಶುರುವಾಯಿತು ಅಂದರೆ ಪರೀಕ್ಷೆಗೆ ಎಕ್ಸ್‌ಟ್ರಾ ಟೈಮ್ ಕೇಳಲು ಮತ್ತೆ ಅದೇ ಫಾರ್ಮ್, ಅದೇ ಸರ್ಟಿಫಿಕೇಟ್‌ನ ಜೆರಾಕ್ಸ್, ಅದೇ ಸಹಿಗಳಿಗಾಗಿ ಅಲೆದಾಟ. ನನಗೆ ಆಟಿಸಂ ಇದೆ, ಜೊತೆಗೆ ಎಡಿಎಚ್‌ಡಿ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸಗಳು ಇವು, ರಜೆ ಮುಗಿಯುವಷ್ಟರಲ್ಲಿ ವಾಸಿಯಾಗುವ ಜ್ವರ ಅಲ್ಲ. ಆದರೂ ಹೋದ ಸಲ ಕೊಟ್ಟ ಕಾಗದ ಈ ಸಲ ನಡೆಯುವುದಿಲ್ಲವಂತೆ.

ಈ ನಿಯಮ ಮಾಡಿದವರು ಎಡಿಎಚ್‌ಡಿ ಅಂದರೇನು ಅಂತ ಒಮ್ಮೆಯಾದರೂ ಕೇಳಿದ್ದಾರಾ? ಹತ್ತು ಹಂತದ ಕೆಲಸವನ್ನು ತಲೆಯಲ್ಲಿ ಸಾಲಾಗಿ ಇಟ್ಟುಕೊಳ್ಳುವುದು, ಕೊನೇ ದಿನ ಹತ್ತಿರ ಬಂತು ಅನ್ನುವುದು ಸರಿಯಾದ ಹೊತ್ತಿಗೆ ಹೊಳೆಯುವುದು, ಬೇಸರದ ಕೆಲಸಕ್ಕೆ ಕೈ ಹಾಕುವುದು, ನಮಗೆ ಕಷ್ಟ ಆಗುವುದೇ ಇವು. ಸಹಾಯ ಬೇಕು ಅಂದರೆ ಮೊದಲು ಮಾಡಬೇಕಾದ್ದೂ ಇವನ್ನೇ! ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥರ ಸಹಿ, ಆಮೇಲೆ ಪರೀಕ್ಷಾ ವಿಭಾಗದ ಸೀಲು, ಆಮೇಲೆ ಒಬ್ಬೊಬ್ಬ ಲೆಕ್ಚರರ್‌ಗೂ ಒಂದೊಂದು ಪತ್ರ. ಒಂದು ದಿನ ತಡವಾದರೆ "ಈಗ ಏನೂ ಮಾಡೋಕಾಗಲ್ಲ" ಅನ್ನುತ್ತಾರೆ.

ಕೌಂಟರ್ ಮುಂದೆ ನಿಂತರೆ ಇನ್ನೊಂದು ಮಾತು. "ನೋಡೋಕೆ ಚೆನ್ನಾಗೇ ಇದ್ದೀಯಲ್ಲಮ್ಮ, ಏನಾಗಿದೆ ನಿನಗೆ?" ಹಿಂದೆ ಸಾಲಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳುತ್ತಿರುತ್ತಾರೆ. ಹಾಗೆ ಚೆನ್ನಾಗಿ ಕಾಣುವುದಕ್ಕೆ ದಿನವಿಡೀ ಎಷ್ಟು ಜೀವ ತೇಯುತ್ತೇವೆ ಅಂತ ಇವರಿಗೆ ಹೇಗೆ ಹೇಳುವುದು? ಕಣ್ಣಲ್ಲಿ ಕಣ್ಣಿಟ್ಟು ಮಾತಾಡು, ಕೈ ಅಲ್ಲಾಡಿಸಬೇಡ, ಎಲ್ಲರೂ ನಕ್ಕಾಗ ನಗು. ಸಂಜೆ ರೂಮಿಗೆ ಬಂದರೆ ಒಂದು ಮಾತಾಡಲೂ ಶಕ್ತಿ ಇರುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಪರೀಕ್ಷೆಗೆ ಎಕ್ಸ್‌ಟ್ರಾ ಟೈಮ್ ಸಿಗುತ್ತದೆ. ಎಲ್ಲಿ? ಎಲ್ಲರೂ ಕೂತ ಅದೇ ಹಾಲ್‌ನಲ್ಲಿ. ಬೆಲ್ ಹೊಡೆದ ಕೂಡಲೇ ಬೆಂಚು ಎಳೆಯುವ ಸದ್ದು, ಬ್ಯಾಗಿನ ಜಿಪ್, ಬಾಗಿಲ ಹತ್ತಿರ "ಮೂರನೇದಕ್ಕೆ ಏನು ಬರೆದೆ?" ಅನ್ನುವ ಗಲಾಟೆ. ಇನ್ವಿಜಿಲೇಟರ್ ನನ್ನ ಪಕ್ಕದಲ್ಲೇ ನಿಂತು ಪೇಪರ್ ಎಣಿಸುತ್ತ "ಇನ್ನೂ ಮುಗೀಲಿಲ್ವಾ?" ಅನ್ನುತ್ತಾರೆ. ತಲೆ ಮೇಲೆ ಹಳೇ ಚೋಕ್‌ನ ಟ್ಯೂಬ್‌ಲೈಟ್ ಗುಂಯ್ ಅನ್ನುತ್ತಿರುತ್ತದೆ. ಅಂಥ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ, ಕೆಲವು ದೇಶಗಳಲ್ಲಿ 120 ಸಲ ಮಿನುಗುತ್ತದೆ. ಹೆಚ್ಚಿನವರಿಗೆ ಅದು ಗೊತ್ತೇ ಆಗುವುದಿಲ್ಲ. ನನಗೆ ಬರೆದ ಸಾಲೇ ನಡುಗಿದ ಹಾಗೆ ಕಾಣುತ್ತದೆ. ಹೇಳಿದರೆ "ನಖರಾ" ಅನ್ನುತ್ತಾರೆ. ಬೆಳಕು, ಸದ್ದು ಅತಿಯಾಗಿ ತಾಗುವುದನ್ನು 2013ರ ಡಿಎಸ್‌ಎಂ-5, ಅಂದರೆ ಡಾಕ್ಟರುಗಳು ಬಳಸುವ ಕೈಪಿಡಿಯೇ, ಆಟಿಸಂನ ಲಕ್ಷಣಗಳಲ್ಲಿ ಸೇರಿಸಿದೆ.

"ಅವರಿಗೆ ಮಾತ್ರ ಜಾಸ್ತಿ ಟೈಮ್ ಯಾಕೆ?" ಅಂತ ಕ್ಲಾಸಲ್ಲಿ ಗೊಣಗುವವರೂ ಇದ್ದಾರೆ. ಡಿಸ್ಲೆಕ್ಸಿಯಾ ಇರುವ ನನ್ನ ಗೆಳತಿಗೆ ವಿಷಯ ನನಗಿಂತ ಚೆನ್ನಾಗಿ ಗೊತ್ತು. ಪ್ರಶ್ನೆ ಓದುವುದಕ್ಕೇ ಅವಳ ಅರ್ಧ ಹೊತ್ತು ಹೋಗುತ್ತದೆ. ಪರೀಕ್ಷೆ ಇರುವುದು ವಿಷಯಕ್ಕೋ, ಓದುವ ವೇಗಕ್ಕೋ?

ಏಪ್ರಿಲ್ 2 ಬಂದರೆ ಮಾತ್ರ ಆಟಿಸಂ ಜಾಗೃತಿ ದಿನ ಅಂತ ಸಭೆ, ಭಾಷಣ, ಫೋಟೋ. ಸ್ಪೀಕರ್ ಎಷ್ಟು ಜೋರಾಗಿತ್ತು ಅಂದರೆ ನಾನು ಹೊರಗೆ ಹೋಗಿ ಕೂರಬೇಕಾಯಿತು. ಯಾರ ಸಲುವಾಗಿ ಆ ಸಭೆ?

ನಾವು ಯಾರ ದಯೆಯನ್ನೂ ಕೇಳುತ್ತಿಲ್ಲ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಕಾಲೇಜು ಓದಿಗೂ ಸೇರಿಸಿಯೇ ಬೇಕಾದ ಅನುಕೂಲ ಮಾಡಿಕೊಡಿ ಅನ್ನುತ್ತದೆ. ಸೇರುವಾಗ ಕೊಟ್ಟ ಸರ್ಟಿಫಿಕೇಟ್ ಕೋರ್ಸ್ ಮುಗಿಯುವವರೆಗೂ ನಡೆಯಬೇಕು. ಲೆಕ್ಚರರ್‌ಗಳಿಗೆ ಆಫೀಸಿನವರೇ ತಿಳಿಸಬೇಕು. ಅಸೈನ್‌ಮೆಂಟ್ ಅನ್ನು ಕ್ಲಾಸ್ ಬಿಡುವ ಹೊತ್ತಿಗೆ ಬಾಯಲ್ಲಿ ಹೇಳಿ ಹೋಗಬೇಡಿ, ಬರೆದು ಹಾಕಿ. ನಮ್ಮ ವಿಭಾಗದಲ್ಲಿ ಮುರಿದ ಕುರ್ಚಿ ತುಂಬಿ ಬೀಗ ಹಾಕಿದ ಒಂದು ಕೋಣೆ ಇದೆ. ಖಾಲಿ ಮಾಡಿ, ಪರೀಕ್ಷೆಯ ದಿನ ನಮಗೆ ಬಿಟ್ಟುಕೊಡಿ. ಮುಂದಿನ ವರ್ಷ ನೋಡೋಣ ಅನ್ನಬೇಡಿ, ಈ ಇಂಟರ್ನಲ್ಸ್‌ಗೇ ಬೇಕು.