ಗೆರೆಯಾಚೆಗಿನ ಸಮೃದ್ಧಿ

ಅರ್ಥಶಾಸ್ತ್ರದ ಆರಂಭದ ಪಾಠಗಳಲ್ಲಿಯೇ ಬರುವ ಉತ್ಪಾದನಾ ಸಾಧ್ಯತಾ ರೇಖೆಯಷ್ಟು ಅಧಿಕಾರಸ್ಥರ ಅವಕೃಪೆಗೆ ಪಾತ್ರವಾದ ಗೆರೆ ಬೇರೊಂದಿರಲಾರದು. ಇರುವ ನೆಲ, ದುಡಿಮೆ, ಯಂತ್ರ, ತಂತ್ರಜ್ಞಾನ ಎಲ್ಲವನ್ನೂ ಪೂರ್ತಿಯಾಗಿ ಬಳಸಿಕೊಂಡಾಗ ಒಂದು ದೇಶ ಯಂತ್ರ, ಅಣೆಕಟ್ಟಿನಂಥ ಬಂಡವಾಳ ಸರಕನ್ನು ಎಷ್ಟು, ಊಟ, ಬಟ್ಟೆಯಂಥ ಅನುಭೋಗ ಸರಕನ್ನು ಎಷ್ಟು ತಯಾರಿಸಬಲ್ಲದೆಂದು ಅದು ತೋರಿಸುತ್ತದೆ. ಆ ಗೆರೆಯ ಮೇಲೆ ನಿಂತವರು ಒಂದನ್ನು ಹೆಚ್ಚಿಸಬೇಕೆಂದರೆ ಇನ್ನೊಂದನ್ನು ಬಿಟ್ಟುಕೊಡಲೇಬೇಕು. ಇಂಥ ಮಾತಿಗೆ ಚಪ್ಪಾಳೆ ಬೀಳುವುದಿಲ್ಲವಾದ್ದರಿಂದ, ಆಯವ್ಯಯ ಭಾಷಣಗಳಲ್ಲಿ ದೇಶಗಳೆಲ್ಲ ಗೆರೆಯ ಹೊರಗಡೆಯೇ ಬಿಡಾರ ಹೂಡಿರುತ್ತವೆ. ಅಲ್ಲಿ ಅಣೆಕಟ್ಟೂ ಏಳುತ್ತದೆ, ತಟ್ಟೆಯೂ ತುಂಬುತ್ತದೆ, ಒಂದೇ ಮೂಟೆ ಸಿಮೆಂಟು ಎರಡು ಕಡೆ ಹಾಜರಿ ಹಾಕುತ್ತದೆ.

ಈ ಗಣಿತಕ್ಕೆ ಪೂರ್ವಸೂರಿಗಳಿದ್ದಾರೆ. 1928ರಲ್ಲಿ ಆರಂಭವಾದ ಸೋವಿಯತ್ ಒಕ್ಕೂಟದ ಮೊದಲ ಪಂಚವಾರ್ಷಿಕ ಯೋಜನೆಯನ್ನು ನಾಲ್ಕೇ ವರ್ಷಗಳಲ್ಲಿ ಮುಗಿಸಬೇಕೆಂಬ ಆತುರದಲ್ಲಿ, 1931ರ ಭಿತ್ತಿಪತ್ರವೊಂದು ಎರಡಕ್ಕೆ ಎರಡನ್ನೂ ಕಾರ್ಮಿಕರ ಉತ್ಸಾಹವನ್ನೂ ಕೂಡಿಸಿ ಐದು ಎಂಬ ಮೊತ್ತವನ್ನು ಘೋಷಿಸಿತು. ಹೆಚ್ಚುವರಿಯಾದ ಆ ಒಂದು ಎಲ್ಲಿಂದ ಬಂತೆಂಬುದನ್ನು ಭಿತ್ತಿಪತ್ರ ಹೇಳಲಿಲ್ಲ. ನಗರವಾಸಿಗಳ ಕೈಯಲ್ಲಿದ್ದ ಬ್ರೆಡ್ಡಿನ ಪಡಿತರ ಚೀಟಿ ಹೇಳುತ್ತಿತ್ತು.

ಇನ್ನೂ ಮೇಲ್ಮಟ್ಟದ ಸಾಧನೆ 1958ರ ಚೀನಾದ್ದು. ಉಕ್ಕಿನ ಉತ್ಪಾದನೆಯನ್ನು ಒಂದೇ ವರ್ಷದಲ್ಲಿ ಇಮ್ಮಡಿಗೊಳಿಸಿ 107 ಲಕ್ಷ ಟನ್ನಿಗೆ ಏರಿಸಬೇಕೆಂದು ತೀರ್ಮಾನವಾಯಿತು, ಹಳ್ಳಿಹಳ್ಳಿಗಳ ಹಿತ್ತಿಲಲ್ಲಿ ಮಣ್ಣಿನ ಕುಲುಮೆಗಳು ಎದ್ದವು. ಊಟ ಹೇಗೂ ಸಾಮೂಹಿಕ ಅಡುಗೆಮನೆಯಲ್ಲಿ ನಡೆಯುವುದರಿಂದ ಮನೆಯ ಬಾಣಲೆಗೇನು ಕೆಲಸವೆಂದು ಅದನ್ನೂ ಕುಲುಮೆಗೆ ಹಾಕಲಾಯಿತು: ಅನುಭೋಗ ಸರಕೊಂದಕ್ಕೆ ಬಂಡವಾಳ ಸರಕಾಗಿ ಇಷ್ಟು ಶೀಘ್ರ ಬಡ್ತಿ ಮತ್ತೆಲ್ಲೂ ಸಿಕ್ಕಿರಲಿಕ್ಕಿಲ್ಲ. ಹೊರಬಂದದ್ದರಲ್ಲಿ ಬಹುಪಾಲು ಯಾವ ಯಂತ್ರಕ್ಕೂ ಒದಗದ ಪೆಡಸು ಕಬ್ಬಿಣ. ಕೊಯ್ಲಿನ ಆಳುಗಳು ಕುಲುಮೆಗೆ ಹೋದದ್ದರಿಂದ ಎಷ್ಟೋ ಕಡೆ ಬೆಳೆ ಹೊಲದಲ್ಲೇ ಕೊಳೆಯಿತು. ಗೆರೆಯನ್ನು ದಾಟುತ್ತೇವೆಂದು ಹೊರಟವರು ಗೆರೆಯ ಒಳಕ್ಕೆ, ಎರಡೂ ಕಡಿಮೆಯಾಗುವ ಜಾಗಕ್ಕೆ ಬಂದು ಬಿದ್ದರು. ಮುಂದಿನ ಕ್ಷಾಮದಲ್ಲಿ ಸತ್ತವರ ಲೆಕ್ಕ ಕೋಟಿಗಳಲ್ಲಿದೆ. ಇಲ್ಲಿ ನಗು ನಿಲ್ಲುತ್ತದೆ, ಯೋಜನಾಕಾರರ ವರದಿ ನಿಲ್ಲಲಿಲ್ಲ.

ಪ್ರಜಾಪ್ರಭುತ್ವಗಳ ಶೈಲಿ ಇಷ್ಟು ಒರಟಲ್ಲ. ವಿಯೆಟ್ನಾಂ ಯುದ್ಧವನ್ನೂ ಜನಕಲ್ಯಾಣವನ್ನೂ ಜೊತೆಯಾಗಿ ನಡೆಸಬಲ್ಲೆವೆಂದ ಅಮೆರಿಕದಲ್ಲಿ, 1965ರಲ್ಲಿ ಶೇಕಡಾ 2ರ ಒಳಗಿದ್ದ ಹಣದುಬ್ಬರ 1969ರ ಹೊತ್ತಿಗೆ ಶೇಕಡಾ 5ನ್ನು ದಾಟಿತ್ತು, ನಡುವೆ 1968ರಲ್ಲಿ ಆದಾಯ ತೆರಿಗೆಯ ಮೇಲೆ ಶೇಕಡಾ 10ರ ಹೆಚ್ಚುವರಿ ತೆರಿಗೆಯೂ ಬಂತು. ತ್ಯಾಗ ಮಾಡಬೇಕಾದವರು ಯಾರೆಂಬುದನ್ನು ಸಂಸತ್ತು ಹೇಳದಿದ್ದರೆ ಅಂಗಡಿಯ ದರಪಟ್ಟಿ ಹೇಳುತ್ತದೆ.

ಗೆರೆಯನ್ನು ಹೊರಕ್ಕೆ ಸರಿಸಲು ನಿಜವಾದ ದಾರಿಯೂ ಇದೆ: ಇಂದಿನ ಅನುಭೋಗವನ್ನು ಸ್ವಲ್ಪ ಹಿಡಿದಿಟ್ಟು, ಮೊದಲು ಹಳೆಯ ಯಂತ್ರಗಳ ಸವಕಳಿಯನ್ನು ತುಂಬಿ, ಉಳಿದದ್ದನ್ನು ಹೊಸ ಯಂತ್ರಕ್ಕೂ ಶಿಕ್ಷಣಕ್ಕೂ ಹಾಕಿ, ವರ್ಷಗಟ್ಟಲೆ ಕಾಯುವುದು. ಫಲ ಬರುವ ಹೊತ್ತಿಗೆ ರಿಬ್ಬನ್ ಕತ್ತರಿಸುವವರು ವಿರೋಧ ಪಕ್ಷದವರಾಗಿರುವ ಅಪಾಯವಿರುವುದರಿಂದ ಈ ದಾರಿ ಜನಪ್ರಿಯವಾಗಿಲ್ಲ. ಸದ್ಯಕ್ಕೆ ರೂಢಿಯಲ್ಲಿರುವುದು ಶಂಕುಸ್ಥಾಪನೆ. ಒಂದು ಕಲ್ಲು, ಅರ್ಧ ಬುಟ್ಟಿ ಗಾರೆ, ಒಬ್ಬ ಮೇಸ್ತ್ರಿ ಸಾಕು. ಕಲ್ಲನ್ನು ಬಂಡವಾಳದ ಲೆಕ್ಕಕ್ಕೂ ನಂತರದ ಭೋಜನವನ್ನು ಅನುಭೋಗದ ಲೆಕ್ಕಕ್ಕೂ ಬರೆದುಕೊಳ್ಳಬಹುದು. ಅದೇ ಜಾಗದಲ್ಲಿ ಮುಂದಿನ ಚುನಾವಣೆಗೆ ಇನ್ನೊಂದು ಕಲ್ಲು ನೆಡಲು ಯಾವ ನಿಯಮದ ಅಡ್ಡಿಯೂ ಇಲ್ಲ.