ಕಳ್ಳನಿಗೆ ಓಟಿಪಿ, ಮಾಲೀಕನಿಗೆ ಸಂಗೀತ

ಇಸಿಮ್ ಬಂತು, ಅಂದರೆ ಕಾರ್ಡಿಲ್ಲದ ಸಿಮ್; ಇನ್ನು ಸಿಮ್ ಕದಿಯೋಕೆ ಆಗಲ್ಲ ಅಂದರು. ಮಾತು ಸುಳ್ಳಲ್ಲ. ಚಿಪ್ಪನ್ನು ಫೋನಿನ ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿದ್ದಾರೆ. ಮೊದಲಾದರೆ ಕಳ್ಳ ಮೊನೆ ಚುಚ್ಚಿ, ಟ್ರೇ ಎಳೆದು, ಉಗುರಿನಷ್ಟಿರುವ ಸಿಮ್ಮನ್ನು ತನ್ನ ಫೋನಿಗೆ ಹಾಕಿಕೊಳ್ಳಬೇಕಿತ್ತು. ಪಾಪ, ಕೈಜಾರಿ ಬಿದ್ದರೆ ಹುಡುಕಲೂ ಬೇಕಿತ್ತು. ಈಗ ಆ ತೊಂದರೆಯೇ ಇಲ್ಲ. ಕಂಪನಿಗೆ ಫೋನ್ ಮಾಡಿ, ‘ಮೊಬೈಲ್ ಕಳೆದುಹೋಯ್ತು, ಹೊಸದಕ್ಕೆ ಇಸಿಮ್ ಹಾಕಿಕೊಡಿ’ ಎಂದು ಅಳುದನಿಯಲ್ಲಿ ಕೇಳಿದರೆ ಸಾಕಾಗಿಬಿಡುವುದೂ ಉಂಟು. ನಿಮ್ಮ ಫೋನು ನಿಮ್ಮ ಜೇಬಿನಲ್ಲೇ ಇರುತ್ತದೆ; ನಂಬರು ಮಾತ್ರ ಅವನ ಮನೆಯಲ್ಲಿ, ಅದಕ್ಕೆ ಬರುವ ಓಟಿಪಿಗಳೂ.

ಚಿಪ್ಪಿನೊಳಗಿನ ವೈಭವ ನೋಡಬೇಕು. 32 ಅಂಕಿಗಳ ಗುರುತಿನ ಸಂಖ್ಯೆ, ಡಿಜಿಟಲ್ ಪ್ರಮಾಣಪತ್ರ, ಸುಲಭಕ್ಕೆ ಬಿಡಿಸಲಾಗದ ಗೂಢಲಿಪಿ. ಇಷ್ಟೆಲ್ಲದರ ಹೆಬ್ಬಾಗಿಲಲ್ಲಿ ಕೂತ ಕಾವಲುಗಾರ ಕೇಳುವ ಪ್ರಶ್ನೆ: ‘ನಿಮ್ಮ ಹುಟ್ಟಿದ ದಿನ ಹೇಳಿ ಸರ್.’ ಯಾವ ದಿನವನ್ನು ಊರೆಲ್ಲ ಫೇಸ್‌ಬುಕ್‌ನಲ್ಲಿ ಕೇಕಿನ ಚಿತ್ರ ಹಾಕಿ ಕೊಂಡಾಡಿದೆಯೋ ಅದೇ ದಿನ.

ದೊಡ್ಡವರ ಗತಿಯೂ ಬೇರೆಯಲ್ಲ. 2019ರ ಆಗಸ್ಟ್‌ನಲ್ಲಿ ಟ್ವಿಟರ್ ಮುಖ್ಯಸ್ಥ ಜಾಕ್ ಡಾರ್ಸಿಯ ಟ್ವಿಟರ್ ಖಾತೆಯೇ ಈ ದಾರಿಯಲ್ಲಿ ಹೋಯಿತು. 2024ರ ಜನವರಿ 9ರದ್ದು ಇನ್ನೂ ಸೊಗಸು. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಎಕ್ಸ್ (ಹಿಂದಿನ ಟ್ವಿಟರ್) ಖಾತೆಯಿಂದ, ಬಿಟ್‌ಕಾಯಿನ್ ಇಟಿಎಫ್‌ಗಳಿಗೆ (ಷೇರಿನಂತೆ ಕೊಳ್ಳಬಹುದಾದ ಬಿಟ್‌ಕಾಯಿನ್ ನಿಧಿಗಳಿಗೆ) ಒಪ್ಪಿಗೆ ಸಿಕ್ಕಿತೆಂಬ ಸುಳ್ಳು ಪ್ರಕಟಣೆ ಹೊರಟಿತು. ಖಾತೆಗೆ ಜೋಡಿಸಿದ್ದ ನಂಬರಿಗೆ ಕಳ್ಳರು ಅಂಗಡಿಯಲ್ಲಿ ನಕಲಿ ಗುರುತಿನ ಚೀಟಿ ತೋರಿಸಿ ಹೊಸ ಸಿಮ್ ಪಡೆದಿದ್ದರು. ಎರಡು ಹಂತದ ಭದ್ರತೆ ಇರಲಿಲ್ಲವೇ? ಇತ್ತು. ಲಾಗಿನ್ ಆಗಲು ತೊಡಕಾಗುತ್ತಿದೆ ಎಂದು 2023ರ ಜುಲೈಯಲ್ಲಿ ಎಸ್‌ಇಸಿ ಸಿಬ್ಬಂದಿಯೇ ಕೇಳಿ ಆಫ್ ಮಾಡಿಸಿಕೊಂಡಿದ್ದರು! ಸುಳ್ಳು ಪ್ರಕಟಣೆಯ ಮರುದಿನ ಸಂಸ್ಥೆ ನಿಜಕ್ಕೂ ಒಪ್ಪಿಗೆ ಕೊಟ್ಟಿತು. ಕಳ್ಳರ ಸುದ್ದಿ ಒಂದು ದಿನ ಮುಂಚೆ ಬಂದಿತ್ತು, ಅಷ್ಟೆ. ಅಂಗಡಿಗೆ ನಡೆದುಹೋಗುವ ಅವರ ಶ್ರಮವನ್ನೂ ಇಸಿಮ್ ಉಳಿಸಬಲ್ಲದು.

ಇನ್ನು ಫೋನನ್ನೇ ಕಳೆದುಕೊಂಡವನು ಸಹಾಯವಾಣಿಗೆ ಕರೆ ಮಾಡುತ್ತಾನೆ. ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂಬ ಮಾತಿನ ನಡುನಡುವೆ ಸುದೀರ್ಘ ವಾದ್ಯಗೋಷ್ಠಿ. ಕೊನೆಗೊಂದು ದನಿ:

‘ಸರ್, ಗುರುತು ಖಚಿತಪಡಿಸೋಕೆ ನಿಮ್ಮ ನೋಂದಾಯಿತ ಮೊಬೈಲ್‌ಗೆ ಓಟಿಪಿ ಕಳಿಸಿದ್ದೀವಿ.’

‘ಮೇಡಂ, ಕಳುವಾಗಿರೋದು ಅದೇ ಮೊಬೈಲು.’

‘ಅರ್ಥವಾಯ್ತು ಸರ್, ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಓಟಿಪಿ ಬಂತಾ ಸರ್?’

‘ನನಗೆಲ್ಲಿಂದ ಬರುತ್ತೆ? ಕಳ್ಳನಿಗೆ ಬಂದಿರುತ್ತೆ.’

‘ಸ್ವಲ್ಪ ಬೇಗ ಹೇಳಿ ಸರ್, ಆಮೇಲೆ ಅದು ನಡೆಯಲ್ಲ.’

ಇಮೇಲ್‌ಗೆ ಹೊಸ ಇಸಿಮ್‌ನ ಕ್ಯೂಆರ್ ಕೋಡ್ ಕಳಿಸುವ ಇನ್ನೊಂದು ದಾರಿಯಿದೆ. ಇಮೇಲ್ ತೆರೆಯಲು ಹೋದರೆ ಅದೂ ಅದೇ ನಂಬರಿಗೆ ಓಟಿಪಿ ಕಳಿಸುತ್ತದೆ. ಹೇಗೋ ತೆರೆದಿರಿ ಅನ್ನಿ. ಕೋಡು ಇರುವುದು ಹೊಸ ಫೋನಿನ ಪರದೆಯ ಮೇಲೆ, ಅದನ್ನು ಸ್ಕ್ಯಾನ್ ಮಾಡಬೇಕಾದದ್ದು ಎಷ್ಟೋ ಸಲ ಅದೇ ಫೋನಿನ ಕ್ಯಾಮೆರಾ. ಕನ್ನಡಿ ಮುಂದೆ ಹಿಡಿದು ನೋಡಿದವರೂ ಇದ್ದಾರು.

ಅತ್ತ ಕಳ್ಳನ ಕೈಯಲ್ಲಿ ಫೋನು ಬಿಗಿಯಾಗಿ ಲಾಕ್ ಆಗಿದೆ. ನಿಮ್ಮ ಮುಖ ಬೇಕು, ಬೆರಳು ಬೇಕು. ಆದರೆ ಓಟಿಪಿಯನ್ನು ಮಾತ್ರ ಎಷ್ಟೋ ಫೋನುಗಳು ಲಾಕ್ ಪರದೆಯ ಮೇಲೆ ದಪ್ಪಕ್ಷರದಲ್ಲಿ ತೋರಿಸುತ್ತವೆ, ಕಳ್ಳನ ಕಣ್ಣು ಮಂದವಿದ್ದರೆ ಅಂತ. ಮೇಲಿನಿಂದ ಬೆರಳೆಳೆದರೆ ಏರೋಪ್ಲೇನ್ ಮೋಡ್, ನೆಟ್‌ವರ್ಕ್ ಕಡಿದು ಮಾಲೀಕನ ಹುಡುಕಾಟ ತಪ್ಪಿಸಲು; ಬಹಳಷ್ಟು ಫೋನುಗಳಲ್ಲಿ ಅದಕ್ಕೆ ಪಾಸ್‌ವರ್ಡ್ ಬೇಡ. ಇವೆರಡನ್ನೂ ಮುಚ್ಚಬಹುದು. ನೋಟಿಫಿಕೇಶನ್‌ನ ಒಳವಿಷಯ ಅಡಗಿಸುವ ಆಯ್ಕೆಯಿದೆ, ಲಾಕ್ ಇದ್ದಾಗ ಮೇಲಿನಿಂದ ಇಳಿಯುವ ಆ ಕಂಟ್ರೋಲ್ ಸೆಂಟರ್ ತಡೆಯುವ ಆಯ್ಕೆಯೂ ಹಲವು ಫೋನುಗಳಲ್ಲಿದೆ. ಸೆಟ್ಟಿಂಗ್ಸ್‌ನ ಏಳು ಕೋಣೆ ದಾಟಿ ಹೋಗಬೇಕು. ರಿಂಗ್‌ಟೋನ್ ಬದಲಿಸುವುದನ್ನು ಮಾತ್ರ ಬಾಗಿಲಲ್ಲೇ ಇಟ್ಟಿದ್ದಾರೆ.

ಇಸಿಮ್‌ಗೂ ಸಿಮ್ ಪಿನ್ ಎಂಬ ಬೀಗ ಇಡಬಹುದು. ಫೋನು ಆರಿಸಿ ಹೊತ್ತಿಸಿದಾಗಲೆಲ್ಲ ಅದು ಕೇಳುತ್ತದೆ. ಆದರೆ ಹಾಕುವ ಮುನ್ನ ಕಂಪನಿ ಕೊಟ್ಟ ಮೂಲ ಪಿನ್ ಗೊತ್ತಿರಬೇಕು. ಊಹಿಸಿ ಮೂರು ಸಲ ತಪ್ಪಿದರೆ ಆ ಬೀಗ ಬಿಚ್ಚುವ 8 ಅಂಕಿಯ ಪಿಯುಕೆ ಸಂಖ್ಯೆ ಬೇಕು, ಅದನ್ನು ಹತ್ತು ಸಲ ತಪ್ಪಿದರೆ ಆ ಸಿಮ್ಮಿನ ಕಥೆ ಮುಗಿಯಿತು. ಪಿಯುಕೆ ಯಾರ ಬಳಿ ಇದೆ? ಸಹಾಯವಾಣಿಯಲ್ಲಿ. ವಾದ್ಯಗೋಷ್ಠಿ ಮತ್ತೆ ಶುರು.

ಲಾಗಿನ್ನನ್ನು ನಂಬರಿನ ಓಟಿಪಿಯಿಂದ ಬಿಡಿಸಿ, ಫೋನಿನೊಳಗೇ ಕೋಡು ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್‌ಗೋ ಪಾಸ್‌ವರ್ಡಿನ ಬದಲು ಬೆರಳನ್ನೋ ಮುಖವನ್ನೋ ಕೇಳುವ ಪಾಸ್‌ಕೀಗೋ ಕಟ್ಟಿದರೆ ಕಳ್ಳನ ಅರ್ಧ ಕೆಲಸ ಕೆಡುತ್ತದೆ. ಕಂಪನಿಯ ಖಾತೆಗೇ ಪ್ರತ್ಯೇಕ ಪಿನ್ ಹಾಕಿಸುವ ಸವಲತ್ತೂ ಕೆಲವೆಡೆ ಇದೆ. ಕೊಡುವುದಿಲ್ಲ ಎಂದು ಅವರೇನೂ ಹೇಳುವುದಿಲ್ಲ. ಇದೆ ಎಂದೂ ಹೇಳುವುದಿಲ್ಲ.

ಕರೆ ಮುಗಿದ ಮೇಲೆ ‘ನಮ್ಮ ಸೇವೆ ಹೇಗಿತ್ತು?’ ಎಂಬ ಸಂದೇಶ ತಪ್ಪದೆ ಹೋಗುತ್ತದೆ, ನೋಂದಾಯಿತ ನಂಬರಿಗೆ. ಐದಕ್ಕೆ ಐದು ನಕ್ಷತ್ರ ಕೊಡಲು ಅವನಿಗೇನು ಕಷ್ಟ?